ಕರಿಕಲ್ಲಿನ ಮೇಲಿನ ತಟ್ಟೆ

ನನ್ನ ಮೊಮ್ಮಗ ಲೋಕೇಶನ ರಕ್ತದಲ್ಲಿ ಆ ಎಚ್‌ಐವಿ ವೈರಸ್ಸು ಈಗ ಹುಡುಕಿದರೂ ಸಿಗ್ತಾ ಇಲ್ಲವಂತೆ. ಇವತ್ತು ಬೆಳಗ್ಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದರು. "ಹಂಗಂತ ಹೋಗಿಬಿಟ್ಟಿದೆ ಅಂದ್ಕೋಬೇಡಿ ಅಜ್ಜಿ, ಮಲಗಿದೆ ಅಷ್ಟೇ. ಮಾತ್ರೆ ಬಿಟ್ರೆ ಎದ್ದು ಕೂರುತ್ತೆ. ದಿನಾ ತಪ್ಪದೆ ನುಂಗ್ತಾ ಇದ್ರೆ ನಿಮ್ಮ ಮೊಮ್ಮಗನೂ ಎಲ್ಲರ ಥರ ಮುದುಕ ಆಗ್ತಾನೆ" ಅಂದರು. ನಮ್ಮ ಲೋಕಿ ಮುದುಕ ಆಗ್ತಾನಂತೆ. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಎದ್ದವಳು ಬಾಗಿಲು ಯಾವ ಕಡೆ ಅಂತ ತಿಳಿಯದೆ ಅವರ ಬೀರುವಿನ ಕಡೆ ಹೊರಟೆ. ಲೋಕಿ ಭುಜ ಹಿಡಿದು ತಿರುಗಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿಗೂ ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗಲಿಲ್ಲ.

"ನನ್ ಮೊಮ್ಮಗ ಪಾಸಾದ ಕಣಮ್ಮ."

"ಯಾವ ಕ್ಲಾಸು ಅಜ್ಜಿ?"

"ದೊಡ್ಡ ಕ್ಲಾಸು" ಅಂದೆ. ಗಡ್ಡ ಮೀಸೆ ಬಂದ ಲೋಕಿ ಮುಂದಿನ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ನಗ್ತಾ ಇದ್ದ. ಅವನ ಬೆನ್ನು ಕುಲುಕೋದು ಕಾಣ್ತಿತ್ತು.

ಬಸ್ಸು ಜಿಗಣಿ ಇಂಡಸ್ಟ್ರಿಯಲ್ ಏರಿಯಾಕ್ಕೆ ತಿರುಗಿದಾಗ ಹನಿ ಬೀಳೋಕೆ ಶುರುವಾಯಿತು. ಮಳೆಗೆ ನೆನೆದ ಕಲ್ಲುಪುಡಿಯ ವಾಸನೆ ಬಂತು. ಆ ವಾಸನೆ ನಮ್ಮ ಊರು ಬಿಟ್ಟು ಇನ್ನೆಲ್ಲೂ ಇಲ್ಲ. ಸುಣ್ಣ ಕಲಸಿದ ನೀರಿಗೆ ಸುಟ್ಟ ಕಬ್ಬಿಣ ಅದ್ದಿದಂಗೆ ಇರ್ತದೆ. ಲೋಕಿ ಬೆನ್ನು ಕುಲುಕೋದು ನಿಂತಿತು. ನನಗೂ ಹೋದ ವರ್ಷದ ಮಳೆಗಾಲ ಬಂದು ಎದೆ ಮೇಲೆ ಕೂತಂಗಾಯಿತು.

ಇದನ್ನು ಬರೀಲಾ ಅಂತ ಲೋಕಿಯನ್ನೇ ಕೇಳಿದೆ. ನಾನು ಓದಿದ್ದು ಮೂರನೇ ಕ್ಲಾಸು, ಒತ್ತಕ್ಷರ ಈಗಲೂ ಕೈ ಕೊಡ್ತದೆ. "ಬರಿ ಅಜ್ಜಿ, ಹೆಸರು ಬದಲಾಯಿಸು" ಅಂದ. ಎಲ್ಲರ ಹೆಸರೂ ಬದಲಾಯಿಸಿದೀನಿ.

ನಮ್ಮ ಮನೆ ಕಲ್ಲಿನ ಫ್ಯಾಕ್ಟರಿಗಳ ಹಿಂದಿನ ಬೀದಿಯಲ್ಲಿದೆ. ಗ್ರಾನೈಟು ಕುಯ್ಯೋದು, ಪಾಲಿಶ್ ಮಾಡೋದು, ಇದೇ ಇಲ್ಲಿನ ಕೆಲಸ. ಫ್ಯಾಕ್ಟರಿಯವರು ಎಸೆದ ತುಂಡುಗಳೇ ಬೀದಿಯವರಿಗೆಲ್ಲ ಹೊಸಿಲು, ಬಟ್ಟೆ ಒಗೆಯೋ ಕಲ್ಲು, ಕೂರೋ ಕಟ್ಟೆ. ನಮ್ಮ ಬಾಗಿಲ ಮುಂದೆಯೂ ಒಂದು ಕರಿಕಲ್ಲಿದೆ. ಒಂದು ಮೂಲೆ ಮುರಿದಿದೆ, ಉಳಿದದ್ದು ಮುಖ ಕಾಣೋ ಅಷ್ಟು ನುಣುಪು. ನನ್ನ ಗಂಡ ಹೊತ್ತು ತಂದು ಹಾಕಿದ್ದು. ಅವರು ಆ ಕಲ್ಲಿನ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಹೋದರು. ನಾನು ಅದೇ ಫ್ಯಾಕ್ಟರಿಯಲ್ಲಿ ಟೀ ಕೊಡ್ತಿದ್ದೆ. ಸಾಯಂಕಾಲ ಕೆಲಸ ಬಿಟ್ಟು ಹೊರಡುವವರ ಅಂಗೈಗೆ ಒಂದೊಂದು ತುಂಡು ಬೆಲ್ಲ ಇಡೋದೂ ನನ್ನ ಪಾಲಿನದು. ಒಳಗೆ ಹೋದ ಧೂಳನ್ನು ಬೆಲ್ಲ ಎಳೆದುಕೊಂಡು ಹೋಗ್ತದೆ ಅಂತ ಕಲ್ಲಿನ ಕೆಲಸದವರ ನಂಬಿಕೆ. ಹಂಗಾಗಿ ನಮ್ಮ ಬೀದಿಯಲ್ಲಿ ಯಾರು ಕೆಮ್ಮಿದರೂ ಅದು ಕಲ್ಲಿನ ಕೆಮ್ಮು, ಅದಕ್ಕೆ ಬೆಲ್ಲ. ಬೇರೆ ಕೆಮ್ಮು ಅಂತ ಒಂದಿದೆ ಅನ್ನೋದೇ ನಮಗೆ ಹೊಳೀತಿರಲಿಲ್ಲ.

ಮಗ ಮುನಿರಾಜು ಕಲ್ಲು ಎತ್ತೋ ಕ್ರೇನು ನಡೆಸ್ತಾನೆ. ಸೊಸೆ ರತ್ನ ಗಾರ್ಮೆಂಟ್ಸಿಗೆ ಹೋಗ್ತಾಳೆ. ಅವರ ಒಬ್ಬನೇ ಮಗ ಲೋಕಿ. ಕಲ್ಲಿನ ಅಂಚು ಉಜ್ಜುವ ಕೆಲಸ. ಮನೆ ಹಿಂದೆ ಒಂದು ಶೀಟಿನ ರೂಮಿದೆ, ಬಾಡಿಗೆಗೆ ಕೊಡ್ತೀವಿ. ಅದಕ್ಕೆ ಲಿಂಗಸುಗೂರು ಕಡೆಯ ಬಸವರಾಜ ಬಂದ. ಬಸು ಅಂತಿದ್ವಿ. ಅದೇ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟಿನ ಮೇಲೆ ಕಲ್ಲು ಹೊರ್ತಿದ್ದ. ಊರಲ್ಲಿ ಹೆಂಡತಿ ಸಾವಿತ್ರಿ, ಒಂದು ಕೂಸು.

ಬಸು ಬಂದ ಮೇಲೆ ನಮ್ಮನೆ ಊಟದ ಹೊತ್ತಿಗೆ ಒಂದು ಕಳೆ ಬಂತು. ಅವನಿಗೆ ಮುದ್ದೆ ನುಂಗೋಕೆ ಬರ್ತಿರಲಿಲ್ಲ. ರೊಟ್ಟಿ ತಿಂದು ಬೆಳೆದವನು, ಮುದ್ದೆಯನ್ನೂ ರೊಟ್ಟಿ ಥರ ಕಚಕಚ ಅಗೀತಿದ್ದ. ಮುನಿರಾಜುಗೆ ಅದನ್ನು ನೋಡಿದರೆ ತಡೆಯೋಕಾಗ್ತಿರಲಿಲ್ಲ.

"ಅಗೀಬ್ಯಾಡ ಕಣೋ, ನುಂಗು."

"ಅಣ್ಣಾ, ನುಂಗಿದ್ರ ಎದಿಯಾಗ ಹಿಡೀತೈತ್ರಿ."

"ಸಾರಲ್ಲಿ ಅದ್ದಿ ಬಿಡೋ ಒಳಕ್ಕೆ. ಹಲ್ಲ್ ಇರೋದು ಅಗಿಯಕ್ಕಲ್ಲ, ಮುದ್ದೆ ಓಗೋವಾಗ ದಾರಿ ಬಿಡಕ್ಕೆ."

ದಿನಾ ಇದೇ ಮಾತು, ದಿನಾ ನಗು. ಮುನಿರಾಜು ತನ್ನ ಮಗನ ಜೊತೆಗೂ ಅಷ್ಟು ಮಾತಾಡಿದವನಲ್ಲ.

ಸ್ವಲ್ಪ ದಿನಕ್ಕೆ ಲೋಕಿ ಹಿಂದಿನ ರೂಮಿನಲ್ಲೇ ಮಲಗೋಕೆ ಶುರು ಮಾಡಿದ. ಅಲ್ಲಿ ಗಾಳಿ ಚೆನ್ನಾಗಿದೆ ಅಂದ. ಶೀಟಿನ ರೂಮು, ಒಂದೇ ಕಿಟಕಿ, ಅದರ ಮುಂದೆ ಪಕ್ಕದ ಮನೆ ಗೋಡೆ. ಎಂಥ ಗಾಳಿ ಅಂತ ನಾನು ಕೇಳಲಿಲ್ಲ. ಬೆಳಗ್ಗೆ ಅವನು ಎದ್ದು ಬರುವಾಗ ಮುಖ ನೋಡ್ತಿದ್ದೆ. ಹುಟ್ಟಿದಾಗಿನಿಂದ ಆ ಹುಡುಗನ ಮುಖದಲ್ಲಿ ಏನೋ ಒಂದು ಗಂಟು ಇತ್ತು, ಅದು ಬಿಚ್ಚಿಕೊಂಡಿತ್ತು. ನನಗೆ ಅಷ್ಟು ಸಾಕಾಗಿತ್ತು.

ಫ್ಯಾಕ್ಟರಿಗೆ ವರ್ಷಕ್ಕೊಂದು ಸಲ ಡಾಕ್ಟರ ವ್ಯಾನು ಬರ್ತದೆ. ತೂಕ ನೋಡ್ತಾರೆ, ಎದೆ ಫೋಟೊ ತೆಗೀತಾರೆ, ತೋಳಿಂದ ರಕ್ತ ತೆಗೀತಾರೆ. ಆ ಬೇಸಿಗೆಯಲ್ಲೂ ಬಂದಿತ್ತು. ಲೋಕಿ ತೋಳಿಗೆ ಹತ್ತಿ ಒತ್ತಿಕೊಂಡು ಬಂದು ಕರಿಕಲ್ಲಿನ ಮೇಲೆ ಬಸು ಪಕ್ಕ ಕೂತ.

"ನಾನು ಫಿಟ್ಟು ಮಗಾ. ನಿಂದು ಯಾರು ನೋಡ್ತಾರೆ? ಕಾಂಟ್ರಾಕ್ಟ್‌ನೋರಿಗೆ ವ್ಯಾನಿಲ್ಲ."

ಬಸು ಹೇಳಿದ, "ನಂದು ನನ್ ಹೆಂಡ್ತಿ ಬಸಿರಿದ್ದಾಗೇ ಸರ್ಕಾರಿ ದವಾಖಾನ್ಯಾಗ ನೋಡ್ಯಾರಲೇ. ಆಕಿ ಪಾಸಾದ್ರ ನಾನೂ ಪಾಸು."

ಇಬ್ಬರೂ ನಕ್ಕರು. ನಾನೂ ಅಕ್ಕಿ ಆರಿಸ್ತಾ ನಕ್ಕೆ. ಯಾವ ಪರೀಕ್ಷೆ, ಯಾರು ಪಾಸು, ನನಗೆ ಏನೂ ತಿಳೀಲಿಲ್ಲ.

ಮಳೆ ಹಿಡೀತು. ಆ ವರ್ಷ ಬಿಡಲೇ ಇಲ್ಲ. ಬೀದಿ ತುಂಬ ಬಿಳೀ ಕೆಸರು ಹರೀತಿತ್ತು, ಒಗೆದ ಬಟ್ಟೆಯೆಲ್ಲ ಒಳಗೇ ಮುಗ್ಗಲು ಹಿಡೀತು. ಲೋಕಿ ಕೆಮ್ಮೋಕೆ ಶುರು ಮಾಡಿದ. ಬೆಲ್ಲ ಕೊಟ್ಟೆ. ಬೆಲ್ಲಕ್ಕೆ ಮೆಣಸು ಕುಟ್ಟಿ ಕೊಟ್ಟೆ. ಸಂಜೆಯಾದರೆ ಮೈ ಬಿಸಿ ಆಗೋದು, ಬೆಳಗಿನ ಜಾವ ಬೆವರಿ ಚಾಪೆ ಒದ್ದೆ ಆಗೋದು. ಪ್ಯಾಂಟಿಗೆ ದಾರ ಕಟ್ಟಿಕೊಂಡು ಕೆಲಸಕ್ಕೆ ಹೋಗ್ತಿದ್ದ. "ಅಪ್ಪಂಗೂ ಇಂಗೇ ಆಗಿತ್ತಲ್ಲವ್ವ, ಕಲ್ಲು ಬಿಡಿಸ್ಬೇಕು ಇವನ್ನ" ಅಂದ ಮುನಿರಾಜು. ಬಸು ತನ್ನ ಟವೆಲ್ಲಲ್ಲಿ ಲೋಕಿಯ ಬೆವರು ಒರೆಸ್ತಾ ಕೂತಿರ್ತಿದ್ದ. ಅವನೂ ಸೊರಗಿದ್ದ ಅಂತ ಆಮೇಲೆ ನೆನೆಸಿಕೊಂಡರೆ ಗೊತ್ತಾಗ್ತದೆ.

ನಾನೇ ಲೋಕಿಯನ್ನು ಆನೇಕಲ್‌ನ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದೆ. ಕಫ ನೋಡಿ ಟಿ.ಬಿ. ಅಂದರು. ಟಿ.ಬಿ. ಇದ್ದವರಿಗೆಲ್ಲ ಇನ್ನೊಂದು ರಕ್ತ ಪರೀಕ್ಷೆ ಕೇಳ್ತಾರಂತೆ, ಪಕ್ಕದ ರೂಮಿಗೆ ಕಳಿಸಿದರು. ಅಲ್ಲಿ ಒಬ್ಬ ಮೇಡಂ ಇದ್ದರು. ನನ್ನನ್ನು ಆಚೆ ಕೂರೋಕೆ ಹೇಳಿದರು. "ಅಜ್ಜಿ ಇರಲಿ ಮೇಡಂ" ಅಂದ ಲೋಕಿ.

"ಮುಂಚೆ ಯಾವಾಗಾದ್ರೂ ಎಚ್‌ಐವಿ ಟೆಸ್ಟ್ ಮಾಡಿಸಿದೀರಾ?"

"ವರ್ಷಾ ವರ್ಷ ಮಾಡಿಸ್ತೀನಿ ಮೇಡಂ. ಕಂಪ್ನಿ ವ್ಯಾನಲ್ಲಿ."

ಅವರು ಪೆನ್ನು ಕೆಳಗಿಟ್ಟರು. "ಅದು ಸಕ್ಕರೆ ಕಾಯಿಲೆ, ರಕ್ತ ಕಮ್ಮಿ ಇದ್ಯಾ, ಇಂಥವು ನೋಡೋದಪ್ಪ. ಇದನ್ನ ನಿಮ್ಮನ್ನ ಕೇಳದೆ, ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ನೋಡಂಗಿಲ್ಲ. ವ್ಯಾನಲ್ಲಿ ಯಾರಾದ್ರೂ ನಿಮ್ಮನ್ನ ಕೇಳಿದ್ರಾ?"

ಲೋಕಿ ತನ್ನ ತೋಳು ನೋಡಿಕೊಂಡ. ಅಷ್ಟು ವರ್ಷ ಹತ್ತಿ ಒತ್ತಿಕೊಂಡು ಬಂದ ಜಾಗ ಅದು.

ಪರೀಕ್ಷೆಯ ಫಲ ಹೇಳುವಾಗ ಅವನೊಬ್ಬನನ್ನೇ ಒಳಗೆ ಕರೆದರು. ಹೊರಗೆ ಬಂದವನು "ನಡಿ ಅಜ್ಜಿ" ಅಂದ, ಅಷ್ಟೇ. ಬಸ್ಸಿನಲ್ಲಿ ಮಳೆಗೆ ಕಿಟಕಿಯೆಲ್ಲ ಮುಚ್ಚಿದ್ದರು. ಒಳಗೆ ಕತ್ತಲೆ, ಒದ್ದೆ ಬಟ್ಟೆ ವಾಸನೆ.

"ಬಂದಿದೆ ಅಜ್ಜಿ" ಅಂದ.

ನಾನು ಅವನ ಕೈ ಹಿಡಕೊಂಡೆ. ಆ ಕಾಯಿಲೆ ಹೆಸರು ನಮ್ಮ ಬೀದಿಯವರಿಗೂ ಗೊತ್ತಿಲ್ಲದ್ದಲ್ಲ. ಅದು ಬಂದು ಹೋದವರ ಮನೆ ಬಾಗಿಲಿಗೆ ಯಾರೂ ನೀರು ಕೇಳೋಕೂ ಹೋಗದೇ ಇದ್ದದ್ದು ನಾನೇ ನೋಡಿದೀನಿ.

"ಹೆಂಗೆ ಬಂತು ಅಂತ ಕೇಳಲ್ವಾ?"

"ಬಸೂಗೆ ಏಳ್ದ್ಯಾ?" ಅಂದೆ.

ಲೋಕಿ ನನ್ನನ್ನೇ ನೋಡಿದ. ಆಮೇಲೆ ನನ್ನ ಸೆರಗು ಎಳೆದುಕೊಂಡು ಮುಖಕ್ಕೆ ಒತ್ತಿಕೊಂಡ. ಜಿಗಣಿ ಬರುವವರೆಗೂ ಬಿಡಲಿಲ್ಲ.

ಮನೆಯಲ್ಲಿ ಅವರಪ್ಪನಿಗೆ ಅವನೇ ಹೇಳಿದ, ಕಾಯಿಲೆಯನ್ನೂ, ಬಸುವನ್ನೂ. ಮುನಿರಾಜು ಬೈದಿದ್ದರೆ ಚೆನ್ನಾಗಿತ್ತು, ಹೊಡೆದಿದ್ದರೂ ನಾನು ನಡುವೆ ಹೋಗಬಹುದಿತ್ತು. ಅವನು ಎದ್ದು ಅಡುಗೆಮನೆಗೆ ಹೋದ, ಲೋಕಿಯ ತಟ್ಟೆ ಲೋಟ ತಂದ, ಬಾಗಿಲ ಮುಂದಿನ ಕರಿಕಲ್ಲಿನ ಮೇಲಿಟ್ಟ. "ಟಿ.ಬಿ. ವಾಸಿ ಆಗೋವರ್ಗೂ" ಅಂದ. ಬಸು ಕಡೆ ತಿರುಗಿಯೂ ನೋಡಲಿಲ್ಲ. ಅವತ್ತಿಂದ ಬಸು ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ.

ಟಿ.ಬಿ. ಮಾತ್ರೆ ನುಂಗಿ ಸ್ವಲ್ಪ ದಿನಕ್ಕೆ ಇನ್ನು ಇವನಿಂದ ಹರಡಲ್ಲ ಅಂದರು ಆಸ್ಪತ್ರೆಯವರು. ಇನ್ನೊಂದಂತೂ ತಟ್ಟೆಯಿಂದ ಬರೋದೇ ಅಲ್ಲ ಅಂದರು, ಅದಕ್ಕೂ ದಿನಾ ನುಂಗೋ ಮಾತ್ರೆ ಶುರು ಮಾಡಿದರು. ರತ್ನ ಗಂಡನಿಗೆ ಹೇಳಿದಳು, ನಾನೂ ಹೇಳಿದೆ. ತಟ್ಟೆ ಒಳಗೆ ಬರಲಿಲ್ಲ. ಮಳೆ ಬಂದರೆ ಲೋಕಿ ಸೂರಿನ ಕೆಳಗೆ ಒತ್ತಿಕೊಂಡು ನಿಂತು ಉಣ್ಣೋನು. ತಟ್ಟೆಯಲ್ಲಿ ಸಾರಿನ ಜೊತೆ ಸೂರಿನ ನೀರು.

ನನಗೆ ಆ ಮಳೆಗಾಲದಲ್ಲಿ ಎಲ್ಲಕ್ಕಿಂತ ದೊಡ್ಡ ಚಿಂತೆ ಬಸುದು. ರಕ್ತ ನೋಡಿಸ್ಕೋ ಅಂತ ಲೋಕಿ ಅವನನ್ನು ಬೇಡಿಕೊಂಡ. ನಾನೂ ಬೇಡಿಕೊಂಡೆ.

"ನಂಗೇನಾಗೈತಿ ಅಜ್ಜಿ? ಆರಾಮ ಅದೀನಿ."

"ಆರಾಮಾಗಿದ್ರೆ ಅಂಗಂತ ಅವ್ರು ಏಳ್ತಾರೆ. ಒಂದ್ ಸಲ ಬಾ."

"ಸಾವಿತ್ರಿದು ನೋಡ್ಯಾರಲ್ರೀ. ಆಕಿದು ಏನೂ ಇಲ್ಲ ಅಂದಾರ. ಗಂಡಂದು ಇದ್ರ ಹೆಂಡ್ತಿಗೆ ಬರಾಕ ಬೇಕಲ್ಲ?"

"ಬರ್ಲೇಬೇಕು ಅಂತಿಲ್ವಂತೆ. ಅದೂ ಆಗ ನೋಡಿದ್ದು, ಈಗಿಂದಲ್ಲ. ಒಬ್ಬರ ರಕ್ತ ನೋಡಿ ಇನ್ನೊಬ್ಬರಿಗೆ ಏಳಕ್ಕಾಗಲ್ಲ ಅಂದ್ರು ಮೇಡಮ್ಮು."

ಬಸು ಕಲ್ಲಿನ ಮುರಿದ ಮೂಲೆಯನ್ನು ಬೆರಳಿಂದ ಸವರ್ತಾ ಕೂತ. ಆಮೇಲೆ ನಿಜವಾದ ಮಾತು ಆಡಿದ. "ಅಜ್ಜಿ, ಐತಿ ಅಂದ್ರ ನಾ ಊರಿಗೆ ಹ್ಯಾಂಗ್ ಹೋಗ್ಲಿ? ಗೊತ್ತಿಲ್ಲಂದ್ರ ಹೋಗಬಹುದು. ಕೂಸಿನ ಎತ್ಕೋಬಹುದು."

ಎತ್ಕೊಂಡರೆ ಏನೂ ಆಗಲ್ಲ, ಮಾತ್ರೆ ನುಂಗಿದರೆ ಕೂಸು ಮದುವೆ ಆಗೋದನ್ನೂ ನೋಡಬಹುದು ಅಂದೆ. ತಲೆ ಆಡಿಸಿದ. ಸೋಮವಾರ ಬರ್ತೀನಿ ಅಂದ. ಸೋಮವಾರ ನಾನು ಛತ್ರಿ ತಗೊಂಡು ಹಿಂದಿನ ರೂಮಿಗೆ ಹೋದರೆ ಬೀಗ ಹಾಕಿತ್ತು. ಬೀಗದ ಕೈ ಕಿಟಕಿ ಸಂದಿಯಲ್ಲಿತ್ತು. ಲೋಕಿಯ ಬೆವರು ಒರೆಸ್ತಿದ್ದ ಟವೆಲ್ಲು ಒಗೆದು ಮಡಿಸಿ ಚಾಪೆ ಮೇಲಿಟ್ಟು, ಊರಿಗೆ ಹೋಗಿಬಿಟ್ಟಿದ್ದ.

ಲೋಕಿಗೆ ಬಸು ಒಬ್ಬನೇ ಅಲ್ಲ, ಅವರ ಥರದ ಗೆಳೆಯರು ಇನ್ನೂ ಕೆಲವರಿದ್ದರು. ಭಾನುವಾರ ಸೇರೋರು. ಅವರಿಗೂ ಫೋನ್ ಮಾಡಿದ, ನೋಡಿಸ್ಕೊಳ್ರೋ ಅಂತ. ನಾನು ಪಕ್ಕದಲ್ಲಿ ಕೂತು ಕೇಳ್ತಿದ್ದೆ. ಒಬ್ಬ ಹೇಳಿದ, "ನನ್ ತೂಕ ಇಳಿದಿಲ್ಲ ಗುರು, ನಂಗಿಲ್ಲ." ಇನ್ನೊಬ್ಬ, "ನಾನು ಆಳು ನೋಡಿ ಹೋಗೋನು, ಕ್ಲೀನಾಗಿರೋರ ಹತ್ರ ಮಾತ್ರ." ಒಬ್ಬ ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗಿ, ಬೇರೆ ಹೆಸರು ಹೇಳಿ ರಕ್ತ ಕೊಟ್ಟು ಬಂದಿದ್ದನಂತೆ. "ಏನ್ ಬಂತು?" ಅಂದ ಲೋಕಿ. "ಕೇಳಕ್ಕೆ ಹೋಗಿಲ್ಲ ಮಚ್ಚಾ. ಕೊಟ್ಟು ಬಂದೆನಲ್ಲ, ಅದೇ ಒಂದು ಸಮಾಧಾನ." ಆನೇಕಲ್‌ಗೆ ಬಾರೋ ಅಂದರೆ, ಅಲ್ಲಿ ಚಿಕ್ಕಮ್ಮ ಕೆಲಸ ಮಾಡ್ತಾಳೆ ಅಂದ. ಆಮೇಲಾಮೇಲೆ ಲೋಕಿ ಫೋನ್ ಮಾಡಿದರೆ ಯಾರೂ ಎತ್ತದಂಗಾಯಿತು. ಭಾನುವಾರ ಅವನು ಮನೆಯಲ್ಲೇ ಇರ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಬಸುವಿನ ನಂಬರಿಂದ ಫೋನ್ ಬಂತು. ಲೋಕಿ ಹಿಗ್ಗಿ ಎತ್ತಿದ. ಮಾತಾಡಿದ್ದು ಸಾವಿತ್ರಿ. ಜ್ವರ ಹಿಡೀತು, ಭೇದಿ ಹಿಡೀತು, ಕಾಮಾಲೆ ಅಂದರು, ನಾಟಿ ಔಷಧಿ ಹಾಕಿಸಿದ್ವಿ, ಹೋಗಿಬಿಟ್ಟ, ಅಂದಳಂತೆ. ಜಿಗಣಿಯಲ್ಲಿ ಒಬ್ಬ ದೋಸ್ತ ಇದಾನೆ ಅಂತ ಹೇಳ್ತಿದ್ದ, ತಿಳಿಸೋಣ ಅಂತ ಮಾಡಿದೆ, ಅಂದಳಂತೆ. ಬಸುಗೆ ಏನಿತ್ತು, ಏನಿರಲಿಲ್ಲ, ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ. ಮಣ್ಣು ಮಾಡಿ ಆಗಿತ್ತು.

ಲೋಕಿ ಮಾತ್ರೆ ಬಿಟ್ಟ. ಬಿಟ್ಟಿದ್ದು ನಮಗೆ ತಿಳಿಯೋದು ತಡವಾಯಿತು. ಆಸ್ಪತ್ರೆಯಲ್ಲಿ ರಕ್ತ ನೋಡಿ, ವೈರಸ್ಸು ಏರಿದೆ ಅಂದರು. "ಯಾರಿಗೆ ಅಂತ ನುಂಗಲಿ ಅಜ್ಜಿ?" ಅಂದ. ದಿನಾ ಊಟವಾದ ಮೇಲೆ ಹೋಗಿ ಅವನ ಮುಂದೆ ನಿಲ್ತಿದ್ದೆ. ಫ್ಯಾಕ್ಟರಿಯಲ್ಲಿ ಬೆಲ್ಲ ಹಂಚಿದ ಕೈ ನಂದು, ಅಂಗೈ ಚಾಚಿದವರಿಗೆ ಕೊಟ್ಟು ಅಭ್ಯಾಸ. ಇವನು ಚಾಚ್ತಿರಲಿಲ್ಲ. ಅವನು ಕೈ ಬಿಚ್ಚುವವರೆಗೂ ನಿಂತೇ ಇರ್ತಿದ್ದೆ, ಕಾಲು ಸೋತರೂ. "ಕೂತ್ಕೋ ಹೋಗಜ್ಜಿ" ಅಂತಿದ್ದ. "ನೀನು ನುಂಗು, ಕೂತ್ಕೊತೀನಿ" ಅಂತಿದ್ದೆ. ನನ್ನ ಮಂಡಿ ನೋವಿಗೆ ಪಾಪ ಅಂದುಕೊಂಡು ನುಂಗಿದ ಅಂತ ಕಾಣ್ತದೆ. ಹಂಗೇ ನುಂಗಿ ನುಂಗಿ ಇವತ್ತಿಗೆ ಬಂದ್ವಿ.

ಇವತ್ತು ಬಸ್ಸಿಳಿದು ಮನೆಗೆ ಬಂದವನೇ ಲೋಕಿ ಕರಿಕಲ್ಲಿನ ಮೇಲೆ ಕೂತು ಸಾವಿತ್ರಿಗೆ ಫೋನ್ ಮಾಡಿದ. ಮುಂಚೆಯೂ ಮಾಡ್ತಿದ್ದ, ಕೂಸು ಹೇಗಿದೆ ಅಂತ ಕೇಳಿ, ನೀವೂ ಒಂದು ಸಲ ರಕ್ತ ನೋಡಿಸ್ಕೊಳ್ಳಿ ಅಂತ ಸುತ್ತಿ ಬಳಸಿ ಹೇಳ್ತಿದ್ದ. ಇವತ್ತು ಸಂತೋಷಕ್ಕೋ ಏನೋ, ಧೈರ್ಯ ಬಂದಿತ್ತು. ಸ್ಪೀಕರಿಗೆ ಹಾಕಿದ್ದ.

"ನಂಗ ಬಸಿರಿದ್ದಾಗ ನೋಡ್ಯಾರಲ್ರೀ" ಅಂದಳು ಸಾವಿತ್ರಿ. "ಏನೂ ಇಲ್ಲಂದಾರ."

ಬಸು ಆಡಿದ್ದ ಮಾತೇ. ಲೋಕಿ ನನ್ನ ಮುಖ ನೋಡಿದ.

"ಅಕ್ಕ, ನನಗಿದೆ ಅದು. ಬಸು, ನಾನು ಒಂದೇ ರೂಮಲ್ಲಿ ಇದ್ವಿ. ಗಂಡ ಹೆಂಡ್ತಿ ಥರ ಇದ್ವಿ. ತಪ್ಪು ತಿಳ್ಕೋಬೇಡಿ. ಈಗ ಮಾತ್ರೆ ಇದೆ, ನಾನು ಚೆನ್ನಾಗಿದೀನಿ ನೋಡಿ. ನೀವೂ, ಕೂಸೂ ಒಂದು ಸಲ..."

ಆ ಕಡೆ ಕೂಸು ಏನೋ ಹಾಡ್ತಿತ್ತು.

"ಈ ನಂಬರಿಗೆ ಮತ್ತ ಫೋನ್ ಮಾಡಬ್ಯಾಡ್ರಿ" ಅಂದಳು. ಇಟ್ಟಳು. ಲೋಕಿ ಮತ್ತೆ ಮಾಡಿದ, ಸ್ವಿಚ್ ಆಫ್ ಅಂತ ಬಂತು. ಸಾಯಂಕಾಲದವರೆಗೂ ಹಂಗೇ ಬರ್ತಿತ್ತು.

ರತ್ನ ರಜ ಹಾಕಿ ನಾಟಿಕೋಳಿ ಸಾರು ಮಾಡಿದ್ದಳು. ಬೆಲ್ಲದ ಪಾಯಸ ನಾನು ಮಾಡಿದೆ. ಮುನಿರಾಜು ಕೆಲಸ ಮುಗಿಸಿ ಬಂದ, ಕೈಕಾಲು ತೊಳೆದ. ಡಾಕ್ಟರಮ್ಮ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಹೇಳಿದೆ, ಮುದುಕ ಆಗ್ತಾನಂತೆ ಅನ್ನೋದನ್ನು ಮೂರ್ನಾಲ್ಕು ಸಲ ಹೇಳಿದೆ. ಅವನು ಹ್ಞೂ ಅಂದ. ಒಳಗೆ ಹೋಗೋಕೆ ಹೊಸಿಲಲ್ಲಿ ಕಾಲಿಟ್ಟವನು ಹಿಂದಕ್ಕೆ ಬಂದ, ಕರಿಕಲ್ಲಿನ ಮೇಲಿದ್ದ ತಟ್ಟೆ ತಗೊಂಡ, ಪಂಚೆ ಅಂಚಿಂದ ಒರೆಸಿದ, ಒಳಗೆ ತಂದು ತನ್ನ ತಟ್ಟೆ ಪಕ್ಕ ಇಟ್ಟ. ರತ್ನ ಮುದ್ದೆ ಇಕ್ಕಿದಳು.

ಒಂದು ವರ್ಷದ ಮೇಲೆ ನಾವು ನಾಲ್ಕೂ ಜನ ಒಂದೇ ಕಡೆ ಕೂತಿದ್ವಿ. ನನಗೆ ಹೊಟ್ಟೆ ಆಗಲೇ ತುಂಬಿಹೋಗಿತ್ತು. ಲೋಕಿ ಮುದ್ದೆ ಮುರಿದ, ಸಾರಿಗೆ ಅದ್ದಿದ, ಬಾಯಿಗಿಟ್ಟ. ನುಂಗಲಿಲ್ಲ. ಅಗೀತಾ ಇದ್ದ, ಅಗೀತಾನೇ ಇದ್ದ, ಕಣ್ಣು ತಟ್ಟೆಯಲ್ಲಿ.

"ಅಗೀಬ್ಯಾಡ ಕಣೋ" ಅಂದ ಮುನಿರಾಜು. "ನುಂ..."

ಅಲ್ಲಿಗೇ ನಿಲ್ಲಿಸಿದ. ಆ ಮಾತನ್ನು ತಾನು ಯಾರಿಗೆ ಹೇಳ್ತಿದ್ದೆ ಅಂತ ಅವನಿಗೂ ನೆನಪಾಗಿತ್ತು. ಹೊರಗೆ ಮಳೆ ಜೋರಾಯಿತು. ನಾವೆಲ್ಲ ತಲೆ ತಗ್ಗಿಸಿ ಉಂಡ್ವಿ.